ನೀಲಿ ಪದರದ ಮುಖ

ಚನ್ನವೀರ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಇದನ್ನು ನಂಬುವವರು ಯಾರೂ ಉಳಿಯಲಿಲ್ಲ.

ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿಂತುಬಿಟ್ಟಿದ್ದ. ಲೇತ್ ಯಂತ್ರದಿಂದ ಇಳಿದ ಉಕ್ಕಿನ ಉಂಗುರಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಪಕ್ಕಕ್ಕೆ ಎಸೆಯುವುದು, ಇಷ್ಟೇ ಕೆಲಸ. ಕುಡಿತವಿಲ್ಲ, ಇಸ್ಪೀಟಿಲ್ಲ. ಕ್ಯಾಂಟೀನಿನಲ್ಲಿ ಅವನು ಎದ್ದು ಹೋದರೆ ಇಷ್ಟು ಹೊತ್ತು ಅಲ್ಲಿ ಒಬ್ಬ ಕೂತಿದ್ದ ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ. ಕಾರ್ಖಾನೆಗೆ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಯಲ್ಲಿ ಹೆಂಡತಿ ವಸಂತಿ, ಮಗಳು ಸ್ನೇಹಲ್ ಜೊತೆ ಅವನ ಸಂಸಾರ. ವಸಂತಿ ಧಾರವಾಡದ ಬಟ್ಟೆ ವ್ಯಾಪಾರಿಗಳ ಮನೆಯ ಹೆಣ್ಣುಮಗಳು. ಅವಳೂ ಹೆಚ್ಚು ಮಾತಿನವಳಲ್ಲ. ಇಬ್ಬರೂ ಜಗಳಾಡಿದ್ದು ಮೇಲಿನ ಮನೆಯವರಿಗೆ ಕೇಳಿದ್ದೇ ಇಲ್ಲ.

೨೦೦೩ರ ದೀಪಾವಳಿಗೆ ಚನ್ನವೀರ ಒಂದು ಡಿಜಿಟಲ್ ಕ್ಯಾಮೆರಾ ಕೊಂಡ. ಕಂಪ್ಯೂಟರ್ ಆಗಲೇ ಮನೆಗೆ ಬಂದಿತ್ತು, ಸ್ನೇಹಲ್‌ಳ ಓದಿಗೆ ಎಂಬ ನೆಪದಲ್ಲಿ. ಭಾನುವಾರ ಬಂತೆಂದರೆ ಹೆಂಡತಿ, ಮಗಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಊರ ಹೊರಗೆ ಹೋಗುವುದು. ಗಿಡದ ಕೆಳಗೆ, ಬಂಡೆಯ ಪಕ್ಕ, ಕೆರೆಯ ದಂಡೆಯಲ್ಲಿ ನಿಲ್ಲಿಸಿ ಅವರ ಫೋಟೋ ತೆಗೆಯುವುದು. ಯಾರೋ ಹೇಳಿದರೆಂದು ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಸೇರುತ್ತಿದ್ದ ಹವ್ಯಾಸಿ ಛಾಯಾಗ್ರಾಹಕರ ಮಂಡಳಿಗೂ ಸದಸ್ಯನಾದ. ಅಲ್ಲಿ ಹಲ್ಲಿನ ಡಾಕ್ಟರರು, ಬ್ಯಾಂಕಿನ ಅಧಿಕಾರಿಗಳು, ಕಾಲೇಜಿನ ಮೇಷ್ಟರುಗಳು. ಶನಿವಾರ ಸಂಜೆ ಒಂದು ಶಾಲೆಯ ಕೋಣೆಯಲ್ಲಿ ಕೂತು ಒಬ್ಬರು ತೆಗೆದ ಚಿತ್ರದ ಬಗ್ಗೆ ಇನ್ನೊಬ್ಬರು ಮಾತಾಡುತ್ತಿದ್ದರು. ಎಲ್ಲರದೂ ಚುರುಕಾದ ಪುಣೇರಿ ಮರಾಠಿ. ಇಷ್ಟು ವರ್ಷ ಪುಣೆಯಲ್ಲಿದ್ದರೂ ಚನ್ನವೀರನ ಮರಾಠಿಯಲ್ಲಿ ಧಾರವಾಡವೇ ಕೇಳುತ್ತಿತ್ತು. ಅವನು ಬಾಯಿ ತೆಗೆದರೆ ಮುಂದಿನ ಸಾಲಿನವರು ಸಣ್ಣಗೆ ನಗುತ್ತಿದ್ದರು. ಹಾಗಾಗಿ ಅವನು ಹಿಂದೆ ಕೂತು ಸುಮ್ಮನೆ ಕೇಳುತ್ತಿದ್ದ.

ಮಂಡಳಿಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದುದು ಏಕನಾಥ ಸರ್ ಬಂದಾಗ. ಅರವತ್ತು ದಾಟಿದ ಮನುಷ್ಯ. ಅರ್ಧ ಆಯುಷ್ಯವನ್ನು ಕತ್ತಲೆ ಕೋಣೆಯಲ್ಲಿ ರಾಸಾಯನಿಕದ ತಟ್ಟೆಗಳ ಮುಂದೆ ಕಳೆದವರು, ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ಕಪ್ಪು-ಬಿಳುಪು ಬಿಟ್ಟರೆ ಉಳಿದದ್ದೆಲ್ಲ ಅವರಿಗೆ ಮದುವೆ ಆಲ್ಬಮ್ಮು.

ಮುಂದೆ ಅಷ್ಟೆಲ್ಲ ಆದದ್ದು ಯಾವ ಫೋಟೋದಿಂದಲೋ ಅದನ್ನು ತೆಗೆದದ್ದು ಮರುವರ್ಷದ ಏಪ್ರಿಲ್‌ನಲ್ಲಿ, ಪುಣೆಯ ಹೊರಗೆ ಕಾತ್ರಜದ ಹಳೇ ಘಾಟಿನ ಒಂದು ತಿರುವಿನಲ್ಲಿ. ಬಿಸಿಲು ನೆತ್ತಿಗೆ ಏರಿತ್ತು. ಒಯ್ದ ನೀರು ಮುಗಿದಿತ್ತು. ಸ್ನೇಹಲ್ ಸ್ಕೂಟರಿನ ನೆರಳಲ್ಲಿ ಕೂತು ಅಳುತ್ತಿದ್ದಳು. ಕವಳಿ ಹಣ್ಣಿನ ಪೊದೆಯ ಮುಂದೆ ವಸಂತಿಯನ್ನು ನಿಲ್ಲಿಸಿ ಚನ್ನವೀರ ತೆಗೆಯುತ್ತಲೇ ಇದ್ದ.

"ಸಾಕ್ರೀ. ಕಣ್ಣಿಗಿ ಕತ್ತಲಿ ಬರ್ಲಿಕ್ಕತ್ತದ. ಕೆಳಗ ಹೋಗಿ ನೀರರ ಕುಡಿಯೂಣು."

"ಒಂದs ಒಂದು. ಆಕಡೆ ನೋಡಬ್ಯಾಡ. ನನ್ನ ಕಡೆ ನೋಡು."

ವಸಂತಿ ನೋಡಿದಳು. ಒಣಗಿದ ತುಟಿ, ಬೆವರಿಗೆ ಅಂಟಿದ ಕೂದಲು, 'ಇನ್ನೂ ಎಷ್ಟು' ಎಂಬ ಕಣ್ಣು. ಆ ಕ್ಷಣದಲ್ಲಿ ಅವನು ಒತ್ತಿದ.

ಇಲ್ಲಿ ವಸಂತಿಯ ಕೆನ್ನೆಯ ಮಾತು ಹೇಳಬೇಕು. ಸ್ನೇಹಲ್ ಹುಟ್ಟಿದ ಮೇಲೆ ಅವಳ ಮುಖಕ್ಕೆ ಬಂಗು ಎದ್ದಿತ್ತು. ಬಲಗೆನ್ನೆಯ ಮೇಲೆ ಅಷ್ಟಾಗಿ ಇರಲಿಲ್ಲ. ಎಡಗೆನ್ನೆಯ ಮೇಲೆ ಕಣ್ಣ ಕೆಳಗಿನಿಂದ ದವಡೆಯ ಕಡೆಗೆ ಕಂದು ಕಲೆ ಹರಡಿತ್ತು. ಜಾಜಿಕಾಯಿ ತೇಯ್ದು ಹಚ್ಚಿದ್ದಾಯಿತು, ಮಸೂರ ಬೇಳೆಯ ಹಿಟ್ಟು ಆಯಿತು, ಡಾಕ್ಟರರು ಬರೆದುಕೊಟ್ಟ ಮುಲಾಮು ಆಯಿತು. ಹೋಗಲಿಲ್ಲ. ಮದುವೆ ಮುಂಜಿವೆಗೆ ಹೋದಾಗ ಜನರಿಗೆ ಬಲಗೆನ್ನೆ ಕಾಣುವಂತೆ ಕೂರುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು.

ಮನೆಗೆ ಬಂದು ಚನ್ನವೀರ ಫೋಟೋವನ್ನು ಕಪ್ಪು-ಬಿಳುಪಿಗೆ ತಿರುಗಿಸಿದ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಬಣ್ಣ ಹೋಗಿಬಿಡುತ್ತಿತ್ತು. ಆದರೆ ಉಳಿದದ್ದು ಎಲ್ಲವೂ ಒಂದೇ ಬೂದು ಬಣ್ಣ. ಮುಖ, ಪೊದೆ, ಬಂಡೆ, ಆಕಾಶ, ಯಾವುದೂ ಯಾವುದರಿಂದಲೂ ಬೇರೆ ಕಾಣುತ್ತಿರಲಿಲ್ಲ. ಶನಿವಾರ ಅದನ್ನೇ ಒಯ್ದು ಪರದೆಯ ಮೇಲೆ ತೋರಿಸಿದ.

ಏಕನಾಥ ಸರ್ ತುಸು ಹೊತ್ತು ನೋಡಿದರು. "ನೀವು ಬಣ್ಣ ತೆಗೆದಿದ್ದೀರಿ. ಕಪ್ಪು-ಬಿಳುಪು ಮಾಡಿಲ್ಲ," ಎಂದರು ಮರಾಠಿಯಲ್ಲಿ. "ಒಂದು ಬಣ್ಣದ ಚಿತ್ರದೊಳಗೆ ಮೂರು ಕಪ್ಪು-ಬಿಳುಪು ಚಿತ್ರಗಳಿರುತ್ತವೆ. ಕೆಂಪು ಪದರ, ಹಸಿರು ಪದರ, ನೀಲಿ ಪದರ. ಮೊದಲು ಮೂರನ್ನೂ ಬಿಡಿಸಿ ನೋಡಿ. ಯಾವುದು ಎಷ್ಟು ಬೇಕು ಎಂಬುದನ್ನು ಕಂಪ್ಯೂಟರಿಗೆ ಬಿಡಬೇಡಿ, ನೀವು ನಿರ್ಧರಿಸಿ."

ಮಾರನೆಯ ದಿನ ಚನ್ನವೀರ ಮೂರು ಪದರಗಳನ್ನು ಬಿಡಿಸಿ, ಅಡಿಗೆ ಮನೆಯಲ್ಲಿದ್ದ ವಸಂತಿಯನ್ನು ಕರೆದ. ಮೊದಲು ಕೆಂಪು ಪದರ ತೋರಿಸಿದ. ಅದರಲ್ಲಿ ಚರ್ಮ ಹಾಲಿನಂತೆ ತಿಳಿಯಾಗಿತ್ತು, ಬಂಗು ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ, ಹಿಂದಿನ ಆಕಾಶ ದಟ್ಟವಾಗಿ ಮುಖ ಎದ್ದು ಕಾಣುತ್ತಿತ್ತು. ವಸಂತಿ ಹಿಟ್ಟಿನ ಕೈ ಮೇಲೆತ್ತಿಕೊಂಡೇ ಹತ್ತಿರ ಬಂದಳು.

"ಇದು ನಾನs ಏನ್ರಿ?"

"ಮತ್ತ ಯಾರು? ನಾ ಏನೂ ತಿದ್ದಿಲ್ಲ. ಆ ಬೆಳಕಿನಾಗs ಇದು ಇತ್ತು."

"ಮದಿವಿ ಆದ ವರ್ಷದ್ಹಂಗ ಕಾಣ್ತೀನಿ," ಎಂದು ನಕ್ಕಳು. "ಇದನ್ನ ದೊಡ್ಡದು ಮಾಡಸ್ರಿ. ಒಂದು ಇಲ್ಲಿ ಗ್ವಾಡಿಗಿ ಹಾಕೂಣು. ಒಂದು ಧಾರವಾಡಕ್ಕ, ಅವ್ವಗ ಕೊಟ್ಟು ಕಳಸೂಣು."

ಉಳಿದೆರಡು ಪದರ ನೋಡುವ ಮನಸ್ಸೇ ಅವಳಿಗಿರಲಿಲ್ಲ. ಅವನೂ ತೋರಿಸಲಿಲ್ಲ. ಮುಂದಿನ ಶನಿವಾರ ಅವನು ಒಯ್ದದ್ದು ಆ ಕೆಂಪು ಪದರದ ಚಿತ್ರವನ್ನೇ.

"ಇದು ಸೋಪಿನ ಜಾಹೀರಾತು," ಎಂದರು ಏಕನಾಥ ಸರ್. ಕೋಣೆ ನಕ್ಕಿತು. ಅವರು ನಗಲಿಲ್ಲ. ಮುಂದೆ ಬಂದು ತಾವೇ ಕಂಪ್ಯೂಟರಿನ ಮುಂದೆ ಕೂತರು. "ಈ ಹೆಂಗಸಿಗೆ ಬಿಸಿಲು ಬಡಿದಿದೆ, ನೀರಡಿಕೆಯಾಗಿದೆ, ಯಾರ ಮೇಲೋ ಸಿಟ್ಟಿದೆ. ಮುಖದಲ್ಲಿ ಇರುವುದನ್ನೆಲ್ಲ ಒರೆಸಿ ನಮಗೆ ಏನು ತೋರಿಸುತ್ತೀರಿ?" ಕೆಂಪನ್ನು ಪೂರ್ತಿ ಇಳಿಸಿದರು. ನೀಲಿಯನ್ನು ಏರಿಸಿದರು.

ಪರದೆಯ ಮೇಲೆ ಬೇರೊಬ್ಬ ಹೆಂಗಸು ಬಂದು ನಿಂತಳು. ಆಕಾಶ ಕಾಗದದಂತೆ ಬಿಳಿಚಿಕೊಂಡಿತು. ಮುಖ ಕಪ್ಪಿಟ್ಟಿತು. ನಡುಮಧ್ಯಾಹ್ನದ ಬಿಸಿಲು ಕಣ್ಣಿನ ಗುಳಿಗಳನ್ನು ಮಸಿ ಮಾಡಿತ್ತು. ತುಟಿಯ ಒಂದೊಂದು ಬಿರುಕೂ ಕಾಣುತ್ತಿತ್ತು. ಎಡಗೆನ್ನೆಯ ಬಂಗು ಏಟು ಬಿದ್ದು ಹೆಪ್ಪುಗಟ್ಟಿದ ರಕ್ತದಂತೆ ದಟ್ಟವಾಗಿ ಹರಡಿತ್ತು. ಅಷ್ಟೆಲ್ಲದರ ನಡುವೆ ಕಣ್ಣೆರಡು ನೇರವಾಗಿ ನೋಡುತ್ತಿದ್ದವು. ಮುಂದಿನ ಸಾಲಿನ ಹಲ್ಲಿನ ಡಾಕ್ಟರರು "ವ್ಹಾ" ಎಂದರು. ಹಿಂತಿರುಗಿ ಚನ್ನವೀರನ ಮುಖ ನೋಡಿ ಇನ್ನೊಮ್ಮೆ "ವ್ಹಾ" ಎಂದರು. ಆ ಕೋಣೆಯಲ್ಲಿ ಅವನನ್ನು ನೋಡಿ ಯಾರಾದರೂ ಹಾಗೆ ಅಂದದ್ದು ಅದೇ ಮೊದಲು.

ಅಂದಿನಿಂದ ಅವನು ಆ ಚಿತ್ರದ ಮೇಲೆಯೇ ಬಿದ್ದ. ಕಾರ್ಖಾನೆಯಿಂದ ಬಂದು ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕೂತರೆ ಊಟದವರೆಗೆ ಏಳುತ್ತಿರಲಿಲ್ಲ. ನೀಲಿ ಪದರ ಹೆಚ್ಚಾದರೆ ಚಿತ್ರ ಮರಳಿನಂತೆ ಒಡೆಯುತ್ತಿತ್ತು; ಅದಕ್ಕೆ ತುಸು ಹಸಿರು ಬೆರೆಸಿದ. ಹಿಂದಿನ ಪೊದೆಯನ್ನು ಮಬ್ಬಾಗಿಸಿದ. ಕೆನ್ನೆಯ ಕಲೆಯ ಅಂಚನ್ನು ಇನ್ನಷ್ಟು ಗಾಢ ಮಾಡಿದ. ಉಂಗುರ ಅಳೆದು ಪಳಗಿದ ಕಣ್ಣು, ಎಲ್ಲೂ ತಪ್ಪಲಿಲ್ಲ. ವಸಂತಿ ಚಹಾದ ಲೋಟ ಹಿಡಿದು ಬರುವ ಬಳೆಯ ಸದ್ದಾದರೆ ಕೆಂಪು ಪದರದ ಚಿತ್ರವನ್ನು ತೆರೆದು ಕೂರುತ್ತಿದ್ದ.

"ಇನ್ನೂ ಮುಗದಿಲ್ಲೇನ್ರಿ ಇದು?"

"ಆತು, ಪ್ರದರ್ಶನಕ್ಕ ಕೊಡೂದದ. ಸ್ವಲ್ಪ ಚಂದ ಮಾಡ್ಲಿಕ್ಕತ್ತೀನಿ."

ಅವಳು ಅದನ್ನೇ ನಂಬಿದಳು. ತನ್ನ ಚಿತ್ರ ಪ್ರದರ್ಶನಕ್ಕೆ ಹೋಗುತ್ತದೆ ಎಂದು ಪಕ್ಕದ ಮನೆಯ ಗೋದಾತಾಯಿಗೂ ಹೇಳಿಕೊಂಡಳು.

ಮಳೆಗಾಲ ಕಳೆದ ಮೇಲೆ ಪ್ರದರ್ಶನವಾಯಿತು. ಚನ್ನವೀರನ ಚಿತ್ರಕ್ಕೆ ಮೊದಲ ಬಹುಮಾನ ಬಂದಿತ್ತು. ವಸಂತಿ ಇಳಕಲ್ ಸೀರೆ ಉಟ್ಟು, ಅಬ್ಬಲ್ಲಿಗೆ ಮುಡಿದು, ಸ್ನೇಹಲ್‌ಳ ಕೈ ಹಿಡಿದು ಒಳಗೆ ಬಂದಳು. ಎದುರಿನ ಗೋಡೆಯ ನಡುವೆ ನೀಲಿ ಪದರದ ಆ ಚಿತ್ರ ಆಳೆತ್ತರಕ್ಕೆ ತೂಗುತ್ತಿತ್ತು. ಯಾರೋ ಹೆಸರು ಕೂಡ ಕೊಟ್ಟಿದ್ದರು: 'ಸಹನೆ'. ಅವಳು ಅದರ ಮುಂದಿನಿಂದ ಹಾದು ಹೋಗಿ, ತನ್ನ ಚಿತ್ರ ಎಲ್ಲಿ ಎಂದು ಉಳಿದ ಗೋಡೆಗಳನ್ನು ಹುಡುಕಿದಳು. ಸ್ನೇಹಲ್ ಅವಳ ಸೆರಗು ಜಗ್ಗಿದಳು.

"ಅವ್ವಾ, ಅದು ನೀನs ಅಲ್ಲ?"

ವಸಂತಿ ಹಿಂತಿರುಗಿ ನೋಡಿದಳು. ಅಷ್ಟರಲ್ಲಿ ಅಲ್ಲಿದ್ದ ನಾಕು ಜನರ ಕಣ್ಣು ಚಿತ್ರದಿಂದ ಅವಳ ಕಡೆಗೆ, ಅವಳ ಎಡಗೆನ್ನೆಯ ಕಡೆಗೆ ಹೊರಳಿತ್ತು. ಅವಳು ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು. ಹಾಗೆ ಎಳೆದುಕೊಂಡದ್ದನ್ನೂ ಜನ ನೋಡಿದರು. ಖಾದಿ ಕುಪ್ಪಸದ ಒಬ್ಬ ಹೆಂಗಸು ಹತ್ತಿರ ಬಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಅಮುಕಿ ಬಿಟ್ಟಳು. ಅವಳು ನೀಲಿಮಾ, ಹೆಂಗಸರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆ ನಡೆಸುತ್ತಿದ್ದಳು.

ವೇದಿಕೆಯ ಮೇಲೆ ಚನ್ನವೀರ ಶಾಲು ಹೊದ್ದು ನಿಂತಿದ್ದ.

ಮನೆಗೆ ಬಂದು ವಸಂತಿ ಸೀರೆ ಬಿಚ್ಚಿ ಮಡಿಸಿಟ್ಟಳು. ಆಮೇಲೆ ಕೇಳಿದಳು.

"ಆ ಚಂದಂದು ಎಲ್ಲ್ಯದ?"

"ಅದು ಪ್ರದರ್ಶನಕ್ಕ ನಡೆಯಂಗಿಲ್ಲ ವಸಂತಿ. ಇದು ಕಲಾ. ನಿನಗ ತಿಳಿಯೂದಿಲ್ಲ."

"ನನ್ನ ಮಾರಿ ನನಗ ತಿಳಿಯೂದಿಲ್ಲೇನು? ನಾ ಎಂಟು ವರ್ಷ ಆತು ಈ ಕಲಿ ಮುಚ್ಚಿಕೊಂಡು ಅಡ್ಡಾಡ್ಲಿಕ್ಕತ್ತೀನಿ. ನೀವು ಅದನ್ನ ಕರ್ರಗ ಮಾಡಿ ಊರಿಗೆಲ್ಲ ತೋರಿಸಿ ಬಂದ್ರಿ."

"ಅಷ್ಟು ಮಂದಿ ಹೊಗಳಿದ್ದು ಕೇಳಲಿಲ್ಲೇನು ನೀ?"

"ನಿಮ್ಮನ್ನ ಹೊಗಳಿದ್ರು. ನನ್ನ ನೋಡಿ ಅಯ್ಯೋ ಅಂದ್ರು. ಅದನ್ನ ಮನಿಗಿ ತರ್ರಿ. ಮತ್ತ ಎಲ್ಲೂ ಕೊಡಬ್ಯಾಡ್ರಿ. ಇಷ್ಟs ನಾ ಕೇಳೂದು."

"ಆತು, ತರ್ತೀನಿ," ಎಂದ.

ತರಲಿಲ್ಲ. ಪ್ರದರ್ಶನದ ಕೊನೆಯ ದಿನ ನೀಲಿಮಾ ಏಕನಾಥ ಸರ್ ಜೊತೆ ಬಂದು, ತಮ್ಮ ಸಂಸ್ಥೆಯ ಪೋಸ್ಟರಿಗೆ ಆ ಚಿತ್ರ ಬೇಕೆಂದಳು. ಮನೆಯಲ್ಲಿ ಏಟು ತಿನ್ನುವ ಹೆಂಗಸರು ಹೊರಗೆ ಬಂದು ಮಾತಾಡಲಿ ಎಂಬ ಪೋಸ್ಟರು. ಚನ್ನವೀರ ಒಂದು ಗಳಿಗೆ ಅನುಮಾನಿಸಿದ. "ಕೆಳಗೆ ನಿಮ್ಮ ಹೆಸರು ಹಾಕುತ್ತಾರೆ," ಎಂದರು ಏಕನಾಥ ಸರ್. "ಇಡೀ ಪುಣೆ ನೋಡುತ್ತದೆ." ಅವನು ಹೂಂ ಎಂದ. ಮನೆಯಲ್ಲಿ ಹೇಳಲಿಲ್ಲ. ಎಲ್ಲೋ ಸಭೆ, ಸಭಾಗೃಹಗಳಲ್ಲಿ ಹಚ್ಚುತ್ತಾರೆ, ಭೋಸರಿಯವರೆಗೆ ಯಾಕೆ ಬಂದೀತು ಎಂದುಕೊಂಡ.

ಹೊಸ ವರ್ಷದ ಹೊತ್ತಿಗೆ ಅದು ಎಲ್ಲ ಕಡೆ ಬಂತು. ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಯ ಗೋಡೆಗಳ ಮೇಲೆ, ರೇಷನ್ ಅಂಗಡಿಯ ಬಾಗಿಲಲ್ಲಿ. ಮೇಲೆ ದಪ್ಪ ಮರಾಠಿ ಅಕ್ಷರದಲ್ಲಿ 'ಇನ್ನು ತಡೆದುಕೊಳ್ಳಬೇಡ' ಎಂಬ ಮಾತು. ನಡುವೆ ವಸಂತಿಯ ಮುಖ. ಕೆಳಗೆ ಸಣ್ಣದಾಗಿ ಚನ್ನವೀರನ ಹೆಸರು.

ಕಾರ್ಖಾನೆಯಲ್ಲಿ ಅದನ್ನು ಮೊದಲು ಓದಿದವನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಹೊಡೆಯುವವರನ್ನು ನೋಡಿದ್ದೇನೆ. ಹೊಡೆದು ಕೆಳಗೆ ಸಹಿ ಹಾಕಿದವನನ್ನು ನೋಡಿದ್ದು ಇದೇ ಮೊದಲು." ಇಷ್ಟು ವರ್ಷ ಅವನು ಕೂತದ್ದೂ ಎದ್ದದ್ದೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಈಗ ಅವನು ತಟ್ಟೆ ಹಿಡಿದು ಬಂದರೆ ಇಡೀ ಮೇಜು ತಲೆಯೆತ್ತಿ ನೋಡುತ್ತಿತ್ತು. ಅವನು ನೆರಳು, ಬೆಳಕು, ನೀಲಿ ಪದರ ಎಂದು ವಿವರಿಸಲು ಹೋದ. ವಿವರಿಸಿದಷ್ಟೂ ಜನ ನಕ್ಕರು.

ಸೊಸೈಟಿಯಲ್ಲಿ ಯಾರೂ ನಗಲಿಲ್ಲ. ಗೋದಾತಾಯಿ ಒಂದು ಮಧ್ಯಾಹ್ನ ಬಂದು ಬಾಗಿಲು ಮುಂದೆ ಮಾಡಿ, "ನನಗೆ ಮೊದಲೇ ಸಂಶಯ ಇತ್ತು. ಗಂಡಸು ಅಷ್ಟು ಮೆತ್ತಗಿದ್ದರೆ ಒಳಗೆ ಏನೋ ಇರುತ್ತದೆ," ಎಂದಳು. ವಸಂತಿ ಹಾಗೇನಿಲ್ಲ ಎಂದಳು. ಗೋದಾತಾಯಿ ತಲೆಯಾಡಿಸಿ, ಅವಳ ತಲೆ ಸವರಿ ಎದ್ದು ಹೋದಳು. ಶಾಲೆಯಲ್ಲಿ ಹುಡುಗಿಯರು ಸ್ನೇಹಲ್‌ಳನ್ನು ಸುತ್ತುವರಿದು, ನಿಮ್ಮಪ್ಪ ಯಾವುದರಿಂದ ಹೊಡೆಯುತ್ತಾನೆ ಎಂದು ಕೇಳಿದರು. ಅವಳು ಅಂದು ಊಟದ ಡಬ್ಬಿ ತೆರೆಯದೆ ಮನೆಗೆ ಬಂದಳು.

"ಹೋಗಿ ತಗಸಿಬರ್ರಿ," ಎಂದಳು ವಸಂತಿ. ಅಷ್ಟೇ ಅಂದಳು. ಕೂಗಾಡಲಿಲ್ಲ.

ಚನ್ನವೀರ ನೀಲಿಮಾಳ ಕಚೇರಿಗೆ ಹೋದ. ಪೋಸ್ಟರಿನಲ್ಲಿರುವವಳ ಗಂಡ ಬಂದು ಅದನ್ನು ತೆಗೆಯಿರಿ ಎಂದು ಗೋಗರೆದರೆ ಅಂಥ ಕಚೇರಿಯಲ್ಲಿ ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. "ನಿಮ್ಮ ಹೆಂಡತಿಯನ್ನು ಕಳಿಸಿ. ಅವರು ಹೇಳಲಿ," ಎಂದಳು ನೀಲಿಮಾ. ಅವನು ವಸಂತಿಯನ್ನು ಕರೆದುಕೊಂಡು ಹೋದ. ನೀಲಿಮಾ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದಳು. ಬಾಗಿಲಿಗೆ ಅರ್ಧ ಗಾಜಿತ್ತು.

"ಇಲ್ಲಿ ಹೆದರಿಕೆಯಿಲ್ಲ. ನಿಜ ಹೇಳಿ."

"ಅವರು ನನ್ನನ್ನು ಒಮ್ಮೆಯೂ ಹೊಡೆದಿಲ್ಲ," ಎಂದಳು ವಸಂತಿ ತನ್ನ ಒಡಕು ಮರಾಠಿಯಲ್ಲಿ.

ನೀಲಿಮಾ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ವಸಂತಿ ಗೋದಾತಾಯಿಯಲ್ಲೂ ನೋಡಿದ್ದಳು. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, ಎಡಗೆನ್ನೆಯನ್ನು ಬೆಳಕಿಗೆ ಹಿಡಿದಳು. "ಬಂದು ನೋಡಿ. ಇದು ಬಂಗು. ಮಗಳು ಹುಟ್ಟಿದಾಗ ಬಂದದ್ದು."

ನೀಲಿಮಾ ಹತ್ತಿರ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಇಳಿಯಿತು. "ಹೌದು, ಬಂಗು," ಎಂದಳು. ಕುರ್ಚಿಗೆ ಮರಳಿ ಕೂತು ಕೇಳಿದಳು: "ಈ ಚಿತ್ರ ನಮಗೆ ಕೊಡುವಾಗ ನಿಮ್ಮನ್ನು ಕೇಳಿದ್ದರಾ?"

"ಇಲ್ಲ."

"ಎಲ್ಲೂ ಕೊಡಬೇಡಿ ಎಂದು ನೀವು ಹೇಳಿದ್ದಿರಾ?"

"ಹೇಳಿದ್ದೆ."

"ಆಮೇಲೆ?"

"ಆಮೇಲೆ ಕೊಟ್ಟರು."

ನೀಲಿಮಾ ಒಂದು ಲೋಟ ನೀರು ಮುಂದಿಟ್ಟಳು. "ತಪ್ಪು ನಮ್ಮದೂ ಇದೆ. ನಿಮ್ಮನ್ನೇ ಕೇಳಬೇಕಿತ್ತು. ಈಗ ಹೇಳಿ, ತೆಗೆಸಲಾ? ಹೂಂ ಎಂದರೆ ನಾಳೆಯಿಂದಲೇ ಹುಡುಗರನ್ನು ಕಳಿಸಿ ಕೀಳಿಸುತ್ತೇನೆ."

ವಸಂತಿ ಬಾಗಿಲ ಗಾಜಿನಾಚೆ ನೋಡಿದಳು. ಚನ್ನವೀರ ಬೆಂಚಿನ ತುದಿಯಲ್ಲಿ ಕೂತು ಇತ್ತಲೇ ಕಣ್ಣಿಟ್ಟಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಒಳಗೆ ಕರೆದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮರಾಠಿ ಜೋಡಿಸಿಕೊಳ್ಳುತ್ತಿದ್ದ.

"ಬೇಡ. ಇರಲಿ ಬಿಡಿ," ಎಂದಳು.

ಮೆಟ್ಟಿಲು ಇಳಿಯುವಾಗ ಅವನು ಆತುರದಿಂದ ಕೇಳಿದ: "ಏನಂದ್ಲು ಆಕಿ?"

"ಏನೂ ಅನ್ನಲಿಲ್ಲ."

ಅವರು ತೆಗೆಯಲು ಒಪ್ಪಲಿಲ್ಲ ಎಂದೇ ಅವನು ತಿಳಿದುಕೊಂಡ.

ಕಾತ್ರಜದಲ್ಲಿ ಸಾತಾರಾ, ಬೆಳಗಾವಿ ಕಡೆಯ ಬಸ್ಸುಗಳೆಲ್ಲ ನಿಲ್ಲುತ್ತವೆ. ಅಲ್ಲಿಯ ನಿಲ್ದಾಣದಲ್ಲಿ ಪೋಸ್ಟರು ನೋಡಿದ ಧಾರವಾಡದ ಯಾರೋ ಒಬ್ಬರು ವಸಂತಿಯ ಅಣ್ಣ ರಾಮಲಿಂಗಪ್ಪನ ಅಂಗಡಿಗೆ ಹೋಗಿ ಹೇಳಿದರು. ಮಾರ್ಚ್‌ನ ಒಂದು ಬೆಳಿಗ್ಗೆ ರಾಮಲಿಂಗಪ್ಪ ಚೀಲ ಕೂಡ ಇಲ್ಲದೆ ಬಂದು ಬಾಗಿಲಲ್ಲಿ ನಿಂತ. ಚನ್ನವೀರ ಕಾರ್ಖಾನೆಗೆ ಹೊರಟವನು ಬೂಟು ಹಾಕಿಕೊಳ್ಳುತ್ತಿದ್ದ.

"ಬರ್ರಿ ಬರ್ರಿ, ಫೋನರ ಮಾಡಬಾರದs..."

"ನೀರು ಬ್ಯಾಡ, ಚಾ ಬ್ಯಾಡ," ಎಂದ ರಾಮಲಿಂಗಪ್ಪ. "ಮಂದಿ ಹೇಳಿದಾಗ ನಾ ನಂಬಲಿಲ್ಲ ಚನ್ನವೀರಪ್ಪಾ. ಇವತ್ತ ಕಾತ್ರಜದಾಗ ಬಸ್ಸಿನಿಂದ ಇಳದು ನಿಂತು ನೋಡೀನಿ. ಕೆಳಗ ಹೆಸರು ಬ್ಯಾರೆ ಬರಸೀರಿ. ನಮ್ಮ ಮನ್ಯಾಗ ಆ ಹುಡುಗಿಗಿ ಯಾರೂ ಒಂದು ಬಿರುಸು ಮಾತು ಆಡಿದ್ದಿಲ್ಲ."

"ಸಿದ್ಧಾರೂಢನ ಆಣಿ ಮಾಡಿ ಹೇಳ್ತೀನ್ರಿ, ಅದು ಫೋಟೋದಾಗ ಹಂಗ ಕಾಣ್ತದ. ನೀಲಿ ಪದರಾ ಏರಿಸಿದ್ರ ಬಂಗು ಕರ್ರಗ..."

"ನೀಲಿ ಪದರಾ!" ರಾಮಲಿಂಗಪ್ಪನ ಧ್ವನಿ ಏರಿತು. ಎದುರಿನ ಬಾಗಿಲುಗಳು ತೆರೆದವು.

"ಹೌದ್ರಿ. ನನ್ನ ನಂಬಬ್ಯಾಡ್ರಿ, ಆಕಿನ್ನ ಕೇಳ್ರಿ. ವಸಂತಿ, ಹೇಳು. ನಾ ಎಂದಾದ್ರೂ ನಿನ್ನ ಮ್ಯಾಲೆ ಕೈ ಎತ್ತೀನೇನು?"

ಇಬ್ಬರೂ ಅವಳ ಕಡೆ ತಿರುಗಿದರು. ವಸಂತಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಮೂರು ತಿಂಗಳಿಂದ ಅದೇ ಮಾತನ್ನು ಅವಳು ನೆರೆಯವರಿಗೆ, ಶಾಲೆಯ ಟೀಚರಿಗೆ, ಹಾಲಿನವನಿಗೆ ಹೇಳಿ ಹೇಳಿ ದಣಿದಿದ್ದಳು. ಅವಳ ಮುಖ ಒಯ್ದು ಊರಿಗೆ ಹಂಚಿದವನು ಈಗ ಅವಳ ಬಾಯಿಂದಲೇ ತನ್ನನ್ನು ಉಳಿಸು ಎನ್ನುತ್ತಿದ್ದ. ಅವಳು ಅವನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ಹೇಳs!" ಎಂದ ಚನ್ನವೀರ.

ಅವಳು ಹೇಳಲಿಲ್ಲ. ರಾಮಲಿಂಗಪ್ಪ ತುಸು ಕಾದು, ಮುಂದೆ ಬಂದು, ಚನ್ನವೀರನ ಕೆನ್ನೆಗೆ ಬಾರಿಸಿದ. ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದ ಚನ್ನವೀರ ಗೋಡೆ ಹಿಡಿದು ನಿಂತ. ಹೊರಗೆ ಮೆಟ್ಟಿಲ ಮೇಲಿಂದ ಯಾರೋ "ಸರಿಯಾಯಿತು," ಎಂದರು. ವಸಂತಿ ಒಳಗೆ ಹೋಗಿ ತನ್ನದೂ ಸ್ನೇಹಲ್‌ಳದೂ ಬಟ್ಟೆ ತುಂಬಿದಳು.

ಧಾರವಾಡದಲ್ಲಿ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಅತ್ತಿಗೆ ಭಾರದ ಕೆಲಸ ಮುಟ್ಟಗೊಡಲಿಲ್ಲ. ಓಣಿಯ ಹೆಂಗಸರು ಬಂದು ಅವಳ ಕೆನ್ನೆ ಸವರಿ, ಈಗ ಎಷ್ಟೋ ಕಡಿಮೆ ಆಗ್ಯದ ಎಂದರು. ಅವಳು ನಡೆದು ಬಂದರೆ ಮಾತು ನಿಲ್ಲುತ್ತಿತ್ತು. ಸಣ್ಣ ಮಕ್ಕಳಿಗೆ ಅವಳ ಮುಂದೆ ಗದ್ದಲ ಮಾಡಬಾರದೆಂದು ಹೇಳಿಟ್ಟಿದ್ದರು. ಮೊದಮೊದಲು ಅದು ಹಿತವಾಗಿತ್ತು. ಆಮೇಲೆ ಉಸಿರು ಕಟ್ಟಿತು. ಮೇ ತಿಂಗಳಲ್ಲಿ ಒಂದು ದಿನ ಅಂಗಡಿಗೆ ಹೊರಟಿದ್ದ ಅಣ್ಣನನ್ನು ನಿಲ್ಲಿಸಿ ಹೇಳಿದಳು.

"ಅಣ್ಣಾ, ಅವ್ರು ಖರೇನs ಹೊಡದಿಲ್ಲ. ಅವತ್ತ ನನಗ ಸಿಟ್ಟು ಬಂದಿತ್ತು, ಅದಕ್ಕ ಸುಮ್ಮ ನಿಂತೆ."

ರಾಮಲಿಂಗಪ್ಪನ ಕಣ್ಣು ತುಂಬಿ ಬಂತು. "ಆತು ತಂಗಿ. ನೀ ಯಾಕ ಹಿಂಗ ಅಂತಿ ಅಂಬೂದು ನನಗ ತಿಳೀತದ. ಮಗಳ ಸಾಲಿ ಚಾಲೂ ಆಗ್ತದ. ಹೋಗಬೇಕಂದ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ."

ಜೂನ್‌ನಲ್ಲಿ ಅವನೇ ಅವಳನ್ನು ಕರೆತಂದು ಬಿಟ್ಟ. ಸೊಸೈಟಿಯ ಅಂಗಳದಲ್ಲಿ, ಜನ ನೋಡುತ್ತಿದ್ದಂತೆ, ಚನ್ನವೀರನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಇನ್ನೊಮ್ಮೆ ಹಂಗ ಆಗಬಾರದು ನೋಡ್ರಿ."

"ಇಲ್ರಿ, ಆಗೂದಿಲ್ಲ," ಎಂದ ಚನ್ನವೀರ. ಒಪ್ಪಿಕೊಂಡ ಎಂದು ಜನ ಮನೆಗಳಿಗೆ ಹೋದರು.

ಆಮೇಲೆ ಸಂಸಾರ ನಡೆಯಿತು. ನಡೆಯದೆ ಎಲ್ಲಿ ಹೋಗುತ್ತದೆ. ಪೋಸ್ಟರುಗಳ ಮೇಲೆ ಬೇರೆ ಪೋಸ್ಟರುಗಳು ಬಿದ್ದವು. ಚನ್ನವೀರ ಕ್ಯಾಮೆರಾವನ್ನು ಯಾರಿಗೋ ಕೊಟ್ಟುಬಿಟ್ಟ. ಮಂಡಳಿಗೆ ಹೋಗುವುದನ್ನು ನಿಲ್ಲಿಸಿದ. ಏಕನಾಥ ಸರ್ ಮಾತ್ರ ಹೊಸ ಸದಸ್ಯರಿಗೆ ಪದರಗಳ ಪಾಠ ಹೇಳುವಾಗ ಆ ಚಿತ್ರವನ್ನೇ ತೋರಿಸುತ್ತಿದ್ದರಂತೆ. ವಸಂತಿ ಹೊತ್ತು ಹೊತ್ತಿಗೆ ಅಡಿಗೆ ಮಾಡಿ ಬಡಿಸಿದಳು. ಜ್ವರ ಬಂದರೆ ಒಬ್ಬರಿಗೊಬ್ಬರು ಔಷಧಿ ತಂದುಕೊಟ್ಟರು. ಆ ಬೆಳಗಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸ್ನೇಹಲ್ ಒಂಬತ್ತನೆಯ ತರಗತಿಗೆ ಬಂದ ವರ್ಷ, ಶಾಲೆಯಿಂದ ಹುಡುಗಿಯರನ್ನು ಶಿರೂರಿನ ಕಡೆ ಒಂದು ಶಿಬಿರಕ್ಕೆ ಒಯ್ಯುವವರಿದ್ದರು. ಚನ್ನವೀರ ಬೇಡವೆಂದ. ಅವಳು ವಾದಿಸಿದಳು. ಅವನು ಧ್ವನಿ ಸ್ವಲ್ಪ ಏರಿಸಿ, "ಬ್ಯಾಡ ಅಂದ್ರ ಬ್ಯಾಡ," ಎಂದ. ಹುಡುಗಿ ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಹೊಡೀರಿ. ಅವ್ವಗ ಹೊಡದ್ಹಂಗ ನನಗೂ ಹೊಡೀರಿ."

ಚನ್ನವೀರ ಕೂತಲ್ಲೇ ಕೂತ. "ಯಾವಾಗ ಹೊಡದೀನಿ ನಾ?"

"ನಾ ಸಣ್ಣಾಕಿದ್ದಾಗ. ನಾ ನೋಡೀನಿ. ಅಡಗಿ ಮನ್ಯಾಗ ಅವ್ವ ಮೂಲ್ಯಾಗ ನಿಂತಿದ್ಲು, ನೀವು ಲಟ್ಟಣಿಗಿ ತಗೊಂಡು ಹೊಡದ್ರಿ. ಆಕಿ ಬಾಯಾಗ ಸೆರಗು ತುರುಕಿಕೊಂಡಿದ್ಲು. ನನಗ ಎಲ್ಲಾ ನೆನಪದ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಎಂದೂ ಆಗದೇ ಇದ್ದದ್ದು ಅವಳಿಗೆ ನಿಜವಾಗಿಯೂ ನೆನಪಿತ್ತು.

ವಸಂತಿ ಮಗಳ ಹತ್ತಿರ ಬಂದಳು. "ಇಲ್ಲವ್ವ. ಹಂಗ ಎಂದೂ ಆಗಿಲ್ಲ. ಲಟ್ಟಣಿಗಿ ಇಲ್ಲ, ಏನಿಲ್ಲ. ನಿಮ್ಮಪ್ಪ ನನ್ನ ಮ್ಯಾಲೆ ಕೈ ಎತ್ತಿದ್ದs ಇಲ್ಲ."

"ನೀ ಯಾವಾಗಲೂ ಹಿಂಗs ಅಂತಿ," ಎಂದಳು ಸ್ನೇಹಲ್. ತಾಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಕನಿಕರವಿತ್ತು. ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಚನ್ನವೀರನಿಗೆ ಎರಡನೇ ಪಾಳಿಗೆ ಹೋಗುವ ಹೊತ್ತಾಗಿತ್ತು. ವಸಂತಿ ರೊಟ್ಟಿ, ಪಲ್ಯ ಬಡಿಸಿದಳು. ಅವನು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡ.

"ಅವತ್ತ ನಿಮ್ಮಣ್ಣನ ಮುಂದ ನೀ ಒಂದು ಮಾತು ಹೇಳಬೇಕಾಗಿತ್ತು."

"ಹೌದು. ಹೇಳಬೇಕಾಗಿತ್ತು."

"ಆ ನೀಲಿಮಾ ಆದ್ರೂ ಪೋಸ್ಟರ್ ತಗಸಿದ್ರ ಇಷ್ಟು ಆಗ್ತಿದ್ದಿಲ್ಲ. ನಿಮ್ಮಣ್ಣನ ತನಕ ಹೋಗ್ತಿದ್ದಿಲ್ಲ."

ವಸಂತಿ ಅವನ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದಳು. "ಆಕಿ ತಗೀತೀನಿ ಅಂದಿದ್ಲು. ನಾನs ಬ್ಯಾಡ ಅಂದೆ."

ಅವನು ತಲೆಯೆತ್ತಿದ. "ಯಾಕ?"

"ನೀವು ಹೊರಗ ಬೆಂಚಿನ ಮ್ಯಾಲೆ ಕಾಯ್ತಾ ಕುಂತಿದ್ರಿ. ನೋಡಿದೆ. ಇನ್ನಷ್ಟು ದಿವಸ ಕುಂದರಲಿ ಅನಸ್ತು." ಪಲ್ಯದ ಪಾತ್ರೆ ಮುಚ್ಚಿ, "ಇಷ್ಟು ವರ್ಷ ಆಗ್ತದ ಅಂತ ಅಂದುಕೊಂಡಿದ್ದಿಲ್ಲ," ಎಂದಳು.

ಚನ್ನವೀರ ಕೈಯಲ್ಲಿದ್ದ ತುತ್ತು ನೋಡಿದ. ಆಮೇಲೆ ತಿಂದ. ತಟ್ಟೆ ಪೂರ್ತಿ ಮುಗಿಸಿ, ಎದ್ದು ಕೈ ತೊಳೆದು, ಗೂಟದ ಮೇಲಿದ್ದ ಅಂಗಿ ಹಾಕಿಕೊಂಡ.

"ಆಕಿ ಶಿಬಿರಕ್ಕ ಹೋಗಲಿ," ಎಂದ ಬಾಗಿಲಲ್ಲಿ ನಿಂತು. "ನೀನs ಹೇಳು. ನಾ ಹೇಳಿದ್ರ ಹೆದರಿ ಒಪ್ಪಿದ್ಹಂಗ ಆಗ್ತದ."

ಮೆಟ್ಟಿಲ ಮೇಲೆ ಎದುರು ಬಂದ ಗೋದಾತಾಯಿ ಅವನಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತಳು. ಅವನು ಕೆಳಗೆ ಇಳಿದು ಹೋದ ಮೇಲೆ ಮೇಲೆ ಬಂದು, ವಸಂತಿಯ ಬಾಗಿಲ ಮುಂದೆ ತುಸು ನಿಂತು, ಮೆಲ್ಲಗೆ ಕೇಳಿದಳು: "ಮತ್ತೆ ಶುರುವಾಯಿತಾ?"

ವಸಂತಿ ಬಾಗಿಲು ಹಾಕಿಕೊಂಡು, ಮುಸುರೆ ಪಾತ್ರೆಗಳ ಮುಂದೆ ಕೂತಳು.